ಲಾಭ, ಎರಡು, ಮೂರು

ಕ್ಯೂರಿಂಗ್ ವರ್ಕ್ಸಿನ ತೂಕದ ಚೀಟಿಯಲ್ಲಿ
ಕೆಂಪು ಅಂಕಿ: 9699691.
ತೊಂಬತ್ತಾರು ಲಕ್ಷದ ತೊಂಬತ್ತೊಂಬತ್ತು ಸಾವಿರದ
ಆರುನೂರಾ ತೊಂಬತ್ತೊಂದು.
ಬಾಯ್ತುಂಬ ಹೇಳಿ ನೋಡಿದೆ,
ಬಿಸಿ ಕಡಂಬುಟ್ಟನ್ನು ನಾಲಿಗೆಯ ಮೇಲೆ ಹೊರಳಿಸಿದ ಹಾಗೆ.

ಪಾಲಿಬೆಟ್ಟದ ಈ ತೋಟಕ್ಕೆ ನಾನು ರೈಟರ್.
ಬರೆಯುವುದು ಎರಡೇ: ಹೆಸರು, ಕಿಲೋ.

ರಾತ್ರಿ ಕರೆಂಟಿಲ್ಲ, ಮೊಬೈಲು ಸತ್ತಿದೆ.
ಆನೆ ಬೇಲಿಯ ಸೋಲಾರ್ ತಂತಿಯೊಂದೇ ಎಚ್ಚರ:
ಟಿಕ್. ಟಿಕ್.
ಕಣದ ರೊಬಸ್ಟಾಕ್ಕೆ ಟಾರ್ಪಾಲು ಹೊದೆಸಿ
ಕಾವಲು ಕೂತವನಿಗೆ ಒಂದು ಲಾಟೀನು,
ಹಳೆಯ ಮಸ್ಟರ್ ಹಾಳೆಗಳ ಖಾಲಿ ಬೆನ್ನು.
ಭಾಗಿಸತೊಡಗಿದೆ.

ಎರಡರಿಂದ, ಉಳಿದದ್ದು ಒಂದು.
ಮೂರರಿಂದ, ಒಂದು.
ಐದು ಬಿಡಿ, ಕೊನೆಯಂಕಿಯೇ ಚಾಡಿ ಹೇಳುತ್ತದೆ.
ಏಳು ಸ್ವಲ್ಪ ಹೊತ್ತು ಕಾಡಿಸಿ, ಒಂದು.
ಹನ್ನೊಂದು. ಹದಿಮೂರು. ಹದಿನೇಳು. ಹತ್ತೊಂಬತ್ತು.
ಎಂಟು ಮಂದಿ ಉಂಡೆದ್ದು ಹೋದರು,
ಎಂಟೂ ಎಲೆಯಲ್ಲಿ ಒಂದೊಂದೇ ಅಗುಳು.

ಸೋಮವಾರಪೇಟೆ ಕಡೆಯ ನಮ್ಮಜ್ಜ
ಭತ್ತ ಅಳೆಯುವಾಗ ಮೊದಲ ಸೇರಿಗೆ
ಒಂದು ಎನ್ನುತ್ತಿರಲಿಲ್ಲ.
ಲಾಭ, ಎನ್ನುತ್ತಿದ್ದ. ಲಾಭ, ಎರಡು, ಮೂರು...
ಹಾಗಾದರೆ ಇದು ಎಂಟು ಲಾಭದ ಅಂಕಿ!
ಯಾರ ಹಲ್ಲಿಗೂ ಒಡೆಯದ ಅವಿಭಾಜ್ಯವೇ ಸೈ
ಎಂದು ಬೀಡಿ ಹಚ್ಚಿದೆ.

ಆದರೂ ರುಜುವಾತು ಬೇಕಲ್ಲ.
ವರ್ಗಮೂಲದವರೆಗೆ ನಡೆ, ಆಚೆ ಕಾಲಿಡಬೇಡ
ಎಂದು ಚೋಂದಮ್ಮ ಟೀಚರು ಬೆತ್ತ ಹಿಡಿದು ಕಲಿಸಿದ್ದು.
ಅಂದರೆ ಮೂರು ಸಾವಿರ ದಾಟಿ ಇನ್ನೂ ನೂರು,
ದಾರಿಯಲ್ಲಿ ಅವಿಭಾಜ್ಯಗಳೇ ನಾನೂರಕ್ಕೂ ಮಿಕ್ಕಿ.

ಇಪ್ಪತ್ತಮೂರು ಹದಿನಾರು ಬಿಟ್ಟಿತು.
ಇಪ್ಪತ್ತೊಂಬತ್ತು ಮೂರು.
ಮೂವತ್ತೊಂದು ಎಂಟು.
ಲಾಭದ ಕಾಲ ಮುಗಿದು ಚಿಲ್ಲರೆಯ ಕಾಲ.
ನೂರಾ ಒಂದಕ್ಕೆ ಐವತ್ತೈದು ಉಳಿದಾಗ
ಎಣ್ಣೆ ತೀರಿತು, ಮತ್ತೆ ಸುರಿದೆ.
ಹಳೆಯ ಹಾಳೆಗಳೂ ತೀರಿ
ಈ ವಾರದ ಮಸ್ಟರಿಗೇ ಕೈ ಹಾಕಿದೆ.

ಮುನ್ನೂರ ನಲವತ್ತೇಳು.
ಹೆಸರು ದೆಸೆ ಇಲ್ಲದ ಅಂಕಿ. ಉಳಿದದ್ದು
ಸೊನ್ನೆ.
ಮತ್ತೆ ಮಾಡಿದೆ.
ಸೊನ್ನೆ.
ಅತ್ತ ಬಿದ್ದ ಹೋಳು ಇಪ್ಪತ್ತೇಳು ಸಾವಿರದ
ಒಂಬೈನೂರ ಐವತ್ತಮೂರು; ಅದು ಇನ್ನು ಒಡೆಯದು,
ಒಡೆಯಬಲ್ಲ ಸಣ್ಣವರೆಲ್ಲ ಆಗಲೇ ಬಂದು ಹೋದವರು.

ಸಿಟ್ಟಿಗೆ ಆ ಮೊದಲ ಎಂಟು ಮಂದಿಯನ್ನು
ಒಬ್ಬರಿಗೊಬ್ಬರು ಗುಣಿಸಿದೆ, ಸುಮ್ಮನೆ.
9699690.
ನನ್ನ ಚೀಟಿಗೆ ಒಂದು ಕಡಿಮೆ.
ಓಹೋ.
ಎಂಟು ಲಾಭವಲ್ಲ ಅದು;
ಒಂದೇ ಲಾಭ, ಎಂಟು ಬಾಗಿಲಲ್ಲಿ ನಿಂತು ಬಂದದ್ದು.

ಪಟ್ಟಿಯಲ್ಲಿರುವವರನ್ನೆಲ್ಲ ಗುಣಿಸು, ಒಂದು ಕೂಡು:
ಪಟ್ಟಿಯವರು ಯಾರೂ ಅದನ್ನು ಮುರಿಯಲಾರರು.
ಮುರಿಯುವ ಒಬ್ಬರು ಹೊರಗೆ ಇದ್ದೇ ಇರುತ್ತಾರೆ.
ಅವರನ್ನೂ ಸೇರಿಸಿಕೊ, ಮತ್ತೆ ಗುಣಿಸು, ಮತ್ತೆ ಒಂದು ಕೂಡು,
ಮತ್ತೆ ಹೊರಗೆ ಯಾರೋ.

ಹಾಳೆ ಮಗುಚಿದೆ.
ಮುಂಬದಿಯಲ್ಲಿ ನನ್ನದೇ ದುಂಡಕ್ಷರ:
ಮುತ್ತೆ, ನೂರಾ ಅರವತ್ತು ಕಿಲೋ.
ಎರಡು ಕೈ ಅಷ್ಟು ಕೊಯ್ಯುವುದಿಲ್ಲ.
ಬೊಳಚಿಗೆ ಆಧಾರ್ ಇಲ್ಲ, ಮಸ್ಟರಿನಲ್ಲಿ ಹೆಸರಿಲ್ಲ;
ಅವಳ ಚೀಲವನ್ನು ಅತ್ತಿಗೆಯ ಸಾಲಿಗೆ ತೂಗಿದ್ದೆ.
ಅವಳೇನೂ ಅನ್ನಲಿಲ್ಲ. ಕತ್ತಿನ ಮೇಲಿನ
ಕೆಂಜಿಗವೊಂದನ್ನು ಚಿವುಟಿ ಎಸೆದಳು.

ಉಪಮೆ ಬೇಡ. ಲೆಕ್ಕ ಲೆಕ್ಕವೇ.
ಮುನ್ನೂರ ನಲವತ್ತೇಳನ್ನು ಇರುವೆ ಕಚ್ಚುವುದಿಲ್ಲ,
ಶನಿವಾರ ಬಟವಾಡೆಗೆ ಅದು ಸಾಲು ನಿಲ್ಲುವುದಿಲ್ಲ.

ಟಿಕ್.
ಬೇಲಿಯಾಚೆ ಬಿದಿರು ಮುರಿದ ಸದ್ದು.
ಒಂದೋ, ಎರಡೋ, ಎಣಿಸಲಾಗಲಿಲ್ಲ.
ಸ್ಕೇಲಿಟ್ಟು ಪಟ್ಟಿಯ ಕೆಳಗೆ ಇನ್ನೊಂದು ಗೆರೆ ಎಳೆದೆ,
ಬೊಳಚಿ ಎಂದು ಬರೆದೆ.
ಕಿಲೋ ಕಾಲಂ ಖಾಲಿ ಬಿಟ್ಟೆ;
ಅವಳದೆಷ್ಟು ಎಂದು ಬೆಳಿಗ್ಗೆ
ಅವಳನ್ನೇ ಕೇಳಬೇಕು.